ಗಂಜಿ ಹಾಕಿದ ಜೂಡೋ ಅಂಗಿ

ಅನ್ನ ಬಸಿದ ಗಂಜಿಯನ್ನು ಸಿಂಕಿಗೆ ಸುರಿಯುವಾಗ ನನಗೆ ಈಗಲೂ ಒಂದು ಗಳಿಗೆ ಕೈ ತಡೆಯುತ್ತದೆ. ಯಾರಾದರೂ ನೋಡಿಬಿಟ್ಟರೇನೋ ಎಂದು ಹಿಂದೆ ತಿರುಗಿಯೂ ನೋಡುತ್ತೇನೆ. ಲಂಡನ್ನಿನ ಗ್ರೀನ್‌ಫರ್ಡಿನ ನಮ್ಮ ಅಡುಗೆಮನೆಯಲ್ಲಿ ನೋಡುವವರು ಯಾರೂ ಇರುವುದಿಲ್ಲ. ನೋಡಿದರೆ ನೊಂದುಕೊಳ್ಳುವವರು ಒಬ್ಬರೇ, ನಮ್ಮಪ್ಪ. ಅವರು ಮೈಸೂರಿನಲ್ಲಿದ್ದಾರೆ. ಆದರೂ ಅಷ್ಟು ಒಳ್ಳೆಯ ಬೆಳ್ಳನೆಯ ಗಂಜಿ ಸುಮ್ಮನೆ ಚರಂಡಿ ಪಾಲಾಗುವುದನ್ನು ಕಂಡರೆ ಏನೋ ತಪ್ಪು ಮಾಡುತ್ತಿರುವಂತೆ ಅನ್ನಿಸುತ್ತದೆ.

ನೀವು ಕುಕ್ಕರಿನವರಾದರೆ ಈ ಕಷ್ಟ ನಿಮಗೆ ಗೊತ್ತಾಗುವುದಿಲ್ಲ. ನಾನೂ ಕುಕ್ಕರಿನವಳೇ ಆಗಿದ್ದೆ. ಹೋದ ವರ್ಷ ಅಪ್ಪ ಆರು ತಿಂಗಳ ಮಟ್ಟಿಗೆ ಬಂದಿದ್ದಾಗ ಈ ಬಸಿಯುವ ಅಭ್ಯಾಸ ಅಂಟಿಸಿ ಹೋದರು. ಅದರ ಜೊತೆಗೆ ಇನ್ನೇನೇನೋ ಅಂಟಿಸಿದರು. ಅದನ್ನೇ ಹೇಳಲು ಹೊರಟಿದ್ದೇನೆ, ದಾರಿ ತಪ್ಪಿದರೆ ನೀವೇ ಸ್ವಲ್ಪ ಎಚ್ಚರಿಸಬೇಕು.

ಅಪ್ಪ ಮೈಸೂರಿನ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. ನ್ಯಾಯಾಧೀಶರಿಗಿಂತ ಒಂದು ಮೆಟ್ಟಿಲು ಕೆಳಗೆ ಕೂರುತ್ತಿದ್ದರು, ಆದರೆ ಬಟ್ಟೆಯ ಗರಿಮುರಿಯಲ್ಲಿ ಒಂದು ಮೆಟ್ಟಿಲು ಮೇಲೆಯೇ ಇರುತ್ತಿದ್ದರು. ಅವರ ಬಿಳಿ ಅಂಗಿಗಳಿಗೆ ಗಂಜಿ ಹಾಕುವ ಕೆಲಸವನ್ನು ಅಗಸರಿಗಾಗಲಿ ಅಮ್ಮನಿಗಾಗಲಿ ಬಿಟ್ಟುಕೊಟ್ಟವರಲ್ಲ. ಭಾನುವಾರ ಬೆಳಿಗ್ಗೆ ಗಂಜಿಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ, ಹದ ನೋಡಿ ನೀರು ಬೆರೆಸಿ, ನಾಲ್ಕು ತೊಟ್ಟು ನೀಲಿ ಬಿಟ್ಟು, ಮನೆಯವರೆಲ್ಲರ ಬಟ್ಟೆಯನ್ನೂ ಅದರಲ್ಲಿ ಅದ್ದಿ ತೆಗೆಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ತಂತಿಯ ಮೇಲೆ ನಮ್ಮ ಸ್ಕೂಲ್ ಯೂನಿಫಾರ್ಮುಗಳು ಹಲಗೆಯಂತೆ ನಿಂತಿರುತ್ತಿದ್ದವು. ಸೋಮವಾರ ಅದನ್ನು ತೊಟ್ಟು ಬೆಂಚಿನ ಮೇಲೆ ಕೂತರೆ ಅಕ್ಕಪಕ್ಕದವರಿಗೆ ಹಪ್ಪಳ ಮುರಿದ ಸದ್ದು ಕೇಳಿಸುತ್ತಿತ್ತು. ನನ್ನ ಬಾಲ್ಯದಲ್ಲಿ ನಾನು ಎಲ್ಲಿಗೂ ಸದ್ದಿಲ್ಲದೆ ಹೋದ ನೆನಪಿಲ್ಲ.

ಆರನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಕ್ರೀಡಾದಿನಕ್ಕೆ ಗೋಣಿಚೀಲದ ಓಟಕ್ಕೆ ಹೆಸರು ಕೊಟ್ಟಿದ್ದೆ. ಕೊಟ್ಟದ್ದು ನಾನಲ್ಲ, ಟೀಚರ್ ಬರೆದುಕೊಂಡಿದ್ದರು. ಅಪ್ಪ ಅರ್ಧ ದಿನ ರಜೆ ಹಾಕಿ ಸೈಕಲ್ಲಿನ ಮೇಲೆ ಬಂದಿದ್ದರು. ನನ್ನ ಬಿಳಿ ಲಂಗಕ್ಕೆ ಆ ದಿನ ವಿಶೇಷ ಗಂಜಿ. ಅದು ಕೊಡೆಯಂತೆ ಬಿಚ್ಚಿಕೊಂಡು ನಿಂತಿತ್ತು, ಗೋಣಿಚೀಲದೊಳಗೆ ಹೋಗಲು ಒಲ್ಲೆ ಎನ್ನುತ್ತಿತ್ತು. ಮೈಕಿನಲ್ಲಿ ನನ್ನ ಹೆಸರು ಕರೆದರು. ಆಗ ನನಗೆ ಹೊಟ್ಟೆನೋವು ಬಂತು.

ಆ ಹೊಟ್ಟೆನೋವಿನ ಬಗ್ಗೆ ನಿಮಗೆ ಹೇಳಲೇಬೇಕು. ಅದು ಹೊಕ್ಕುಳಿನ ಹತ್ತಿರ ಶುರುವಾಗಿ, ಹೆಸರು ಕರೆಯುವ ಹೊತ್ತಿಗೆ ಗಂಟಲವರೆಗೆ ಬರುತ್ತದೆ, ಮನೆಯ ಬಾಗಿಲು ದಾಟಿ ಒಳಗೆ ಬಂದ ಕೂಡಲೇ ಮಾಯವಾಗುತ್ತದೆ. ಅಪ್ಪನ ಬಳಿ ಓಡಿ ಹೋಗಿ ಹೇಳಿದೆ. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. "ಹೌದಾ ಪುಟ್ಟಿ? ಹಾಗಾದ್ರೆ ನಡಿ ಮನೇಗೆ" ಎಂದು ಸೈಕಲ್ ತಿರುಗಿಸಿದರು. ಮನೆಯಲ್ಲಿ ಜೀರಿಗೆ ಕಷಾಯ ಮಾಡಿಕೊಟ್ಟರು. ಪಾಪ, ಅಪ್ಪ ಎಷ್ಟು ಸುಲಭವಾಗಿ ನಂಬಿಬಿಟ್ಟರು ಎಂದು ಮರುಗುತ್ತಲೇ ಅದನ್ನು ಕುಡಿದೆ. ಅಲ್ಲಿಂದ ಮುಂದೆ ಹಾಡಿನ ಸ್ಪರ್ಧೆ, ಚರ್ಚಾ ಸ್ಪರ್ಧೆ, ರಂಗೋಲಿ ಸ್ಪರ್ಧೆ, ಎಲ್ಲದಕ್ಕೂ ಅದೇ ಹೊಟ್ಟೆನೋವು ಕೈ ಹಿಡಿದು ನಡೆಸಿತು. ರಂಗೋಲಿಗೂ ಹೆದರುವವಳು ಎಂದು ನಗಬೇಡಿ. ಎಲ್ಲರೂ ಸುತ್ತ ನಿಂತು ನೋಡುವಾಗ ಚುಕ್ಕಿ ಇಟ್ಟು ನೋಡಿ, ಆಮೇಲೆ ಮಾತಾಡೋಣ.

ಇಂಥವಳು ಜೂಡೋಗೆ ಹೇಗೆ ಸೇರಿದಳು ಎಂದು ನೀವು ಕೇಳುವುದು ನ್ಯಾಯವೇ. ಸೇರಿಸಲು ಹೋದದ್ದು ಮಗಳು ಇಳಾಳನ್ನು. ಅವಳು ಮೂರು ವಾರ ಹೋಗಿ "ಇಟ್ಸ್ ಬೋರಿಂಗ್, ಅಮ್ಮ" ಎಂದು ಬಿಟ್ಟಳು. ಅವಳಿಗಾಗಿ ಗೋಡೆಗೊರಗಿ ಕಾಯುತ್ತಿದ್ದ ನನ್ನನ್ನು ಕೋಚ್ ಮಿಕ್, "ಸುಮ್ಮನೆ ನಿಂತಿರುವ ಬದಲು ನೀವೂ ಒಂದು ಸಲ ಬಿದ್ದು ನೋಡಿ" ಎಂದು ಮ್ಯಾಟಿಗೆ ಎಳೆದರು. ಮಿಕ್ ನಿವೃತ್ತ ಬಸ್ ಡ್ರೈವರ್, ಯಾವುದಕ್ಕೂ ಅವಸರವಿಲ್ಲದ ಮನುಷ್ಯ. ಜೂಡೋದಲ್ಲಿ ಮೊದಲು ಕಲಿಸುವುದೇ ಬೀಳುವುದನ್ನು. ನಲವತ್ತು ದಾಟಿದ ಮೇಲೆ ಬೇಕೆಂದೇ ಬಿದ್ದು, ಏಟಾಗದೆ ಎದ್ದು ನಿಲ್ಲುವುದರಲ್ಲಿ ಎಂಥ ಸುಖವಿದೆ ಎಂದು ನಿಮಗೆ ಹೇಗೆ ಹೇಳಲಿ! ದಿನವಿಡೀ ಆಸ್ಪತ್ರೆಯ ಲ್ಯಾಬಿನಲ್ಲಿ ಊರವರ ರಕ್ತದ ಸ್ಲೈಡು ನೋಡುವ ನಾನು ಗುರುವಾರ ಸಂಜೆ ಸಮುದಾಯ ಭವನದಲ್ಲಿ ದಬದಬ ಬಿದ್ದು, ಹಗುರಾಗಿ ಮನೆಗೆ ಬರುತ್ತಿದ್ದೆ. ನನ್ನ ಗಂಡನೂ ಡಾಕ್ಟರೇ. "ಮೂಳೆ ಮುರಿದ್ರೆ ನಮ್ಮ ಆಸ್ಪತ್ರೆಗೆ ಮಾತ್ರ ಬರ್ಬೇಡ ಮಾರಾಯ್ತಿ, ಮರ್ಯಾದೆ ಪ್ರಶ್ನೆ" ಎಂದು ಆಶೀರ್ವದಿಸಿದರು.

ಬೀಳುವುದು ಸುಖ, ಆದರೆ ಸ್ಪರ್ಧೆ ಬೇರೆ. ಹಿರಿಯರ ವಿಭಾಗಕ್ಕೆ ಮಿಕ್ ಮೂರು ಸಲ ನನ್ನ ಹೆಸರು ಕಳಿಸಿದರು. ಮೊದಲ ಸಲ ನನ್ನ ಮಣಿಕಟ್ಟು ಉಳುಕಿತು. ಎರಡನೆಯ ಸಲ ಲ್ಯಾಬಿನಲ್ಲಿ ಡ್ಯೂಟಿ ಬಿತ್ತು. ಮೂರನೆಯ ಸಲ ಧಾರವಾಡದ ಡಾಕ್ಟರ್ ದಂಪತಿ ಊಟಕ್ಕೆ ಬಂದರು. ಬಂದದ್ದು ನಿಜ. ಅದೇ ದಿನವೇ ಬರಬೇಕೆಂದು ಪಟ್ಟು ಹಿಡಿದು ಕರೆದವಳು ನಾನು ಎನ್ನುವುದನ್ನು ಮಾತ್ರ ಮಿಕ್‌ಗೆ ಹೇಳಲಿಲ್ಲ. ಅವರು ಮೂರು ಸಲವೂ ಭುಜ ತಟ್ಟಿ, ಪರವಾಗಿಲ್ಲ ಎಂದರು.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಒಂದು ದಿನ ಇಳಾ ಶಾಲೆಯ ಸಂಗೀತ ಕಾರ್ಯಕ್ರಮದಲ್ಲಿ ಒಬ್ಬಳೇ ನಿಂತು ಕ್ಲಾರಿನೆಟ್ ನುಡಿಸಬೇಕಿತ್ತು. ಆಗಿನ್ನೂ ಅಪ್ಪ ಬಂದಿರಲಿಲ್ಲ. ಕಾರಿನಲ್ಲಿ ಕರೆದೊಯ್ಯುತ್ತಿದ್ದೆ. ಹಿಂದಿನ ಸೀಟಿನಿಂದ ಸಣ್ಣ ದನಿ ಬಂತು: "ಅಮ್ಮ, ಮೈ ಟಮಿ ಹರ್ಟ್ಸ್." ಕನ್ನಡಿಯಲ್ಲಿ ಅವಳ ಮುಖ ನೋಡಿದೆ. ಆ ಮುಖದ ಪರಿಚಯ ನನಗಿಂತ ಚೆನ್ನಾಗಿ ಇನ್ಯಾರಿಗಿರಬೇಕು? ಪೆಟ್ರೋಲ್ ಬಂಕಿನ ಹತ್ತಿರ ಕಾರು ತಿರುಗಿಸಿದೆ. ಮನೆಗೆ ಬಂದವಳೇ ಎರಡು ದೋಸೆ ತಿಂದಳು. ನನ್ನ ಕಾಲದಲ್ಲಿ ನಾನು ಕಷಾಯವನ್ನಾದರೂ ಕುಡಿದಿದ್ದೆ, ಅಷ್ಟು ಶಿಸ್ತಿತ್ತು. ಅವಳು ದೋಸೆ ತಿನ್ನುವುದನ್ನು ನೋಡುತ್ತ ನನಗೆ ನಿಜವಾಗಿ ಹೆದರಿಕೆಯಾಯಿತು. ಮೂಗು, ಹುಬ್ಬು, ಗುಂಗುರು ಕೂದಲಿನ ಜೊತೆ ಇದನ್ನೂ ಕೊಟ್ಟುಬಿಟ್ಟೆನಲ್ಲ ಎಂದು ಸಂಕಟವಾಯಿತು. ಧೈರ್ಯ ಹೇಳೋಣವೆಂದರೆ ಯಾವ ಮುಖ ಇಟ್ಟುಕೊಂಡು ಹೇಳುವುದು? ನನ್ನ ಮಣಿಕಟ್ಟು, ಡ್ಯೂಟಿ, ಧಾರವಾಡದವರು, ಎಲ್ಲವನ್ನೂ ಅವಳು ಕಣ್ಣಾರೆ ನೋಡಿದ್ದಳು.

ಮಾರನೆಯ ಗುರುವಾರ ಮಿಕ್ ಬಳಿ ನಾನೇ ಹೋಗಿ ಹೆಸರು ಕೊಟ್ಟೆ. ಗೆಲ್ಲುವ ಆಸೆ ಏನೂ ಇರಲಿಲ್ಲ. ಹೆಸರು ಕರೆದಾಗ ಇಳಾಳ ಕಣ್ಣೆದುರು ಹೋಗಿ ಮ್ಯಾಟಿನ ಮೇಲೆ ನಿಲ್ಲಬೇಕು, ಅಷ್ಟೇ. ಅಷ್ಟಾದರೂ ಆಗದಿದ್ದರೆ ಅವಳಿಗೆ ಹೇಳಲು ನನ್ನ ಬಳಿ ಯಾವ ಮಾತೂ ಉಳಿಯುತ್ತಿರಲಿಲ್ಲ.

ಆ ಹೊತ್ತಿಗೆ ಅಪ್ಪ ಬಂದಿದ್ದರು. ಜೂಡೋದಲ್ಲಿ ತೊಡುವ ದಪ್ಪ ಬಿಳಿ ಅಂಗಿಗೆ ಕ್ಲಬ್ಬಿನಲ್ಲಿ 'ಗೀ' ಎನ್ನುತ್ತಾರೆ. ಒಣಗಲು ಹಾಕಿದ್ದ ಅದನ್ನು ಅಪ್ಪ ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಇದೇನಮ್ಮ ಇದು, ಗೋಣಿಚೀಲ?"

"ಸ್ಪರ್ಧೆಗೆ ಹಾಕ್ಕೊಳ್ಳೋ ಬಟ್ಟೆ ಅಪ್ಪಾ."

"ಸ್ಪರ್ಧೆಗೆ ಇಷ್ಟು ಮುದುರಿರೋದ್ನ ಹಾಕ್ಕೊಂಡು ಹೋಗ್ತೀಯಾ? ನಾಲ್ಕು ಜನ ನೋಡಲ್ವಾ?" ಎಂದು ಸುಮ್ಮನಾದರು. ಆ ಮೌನಕ್ಕೆ ನಾನು ಗಮನ ಕೊಡಬೇಕಿತ್ತು.

ಸ್ಪರ್ಧೆಗೆ ಮುಂಚಿನ ವಾರ ಕುಸ್ತಿಪಟುಗಳು, ಕರಾಟೆಯವರು, ಜೂಡೋದವರು ಏನು ಯೋಚಿಸುತ್ತಾರೆಂದು ನೀವು ತಿಳಿದಿದ್ದೀರಿ? ಎದುರಾಳಿಯ ಪಟ್ಟುಗಳನ್ನೇ? ನನಗಂತೂ ಅಂಥ ಘನವಾದ ಯೋಚನೆ ಒಂದೂ ಬರಲಿಲ್ಲ. ಉಗುರು ಸಾಕಷ್ಟು ಕತ್ತರಿಸಿದ್ದೇನೆಯೇ? ಹಿಮ್ಮಡಿ ಒಡೆದಿರುವುದು ಕಾಣುತ್ತದೆಯೇ? ತೂಕ ನೋಡುವವರು ಅಂಕಿಯನ್ನು ಗಟ್ಟಿಯಾಗಿ ಓದುತ್ತಾರೆಯೇ, ಮನಸ್ಸಿನಲ್ಲಿಯೇ? ಹಾಗೆ ನೋಡಿದರೆ ಕುತ್ತಿಗೆ ಉಳಿಯುತ್ತದೆಯೇ ಎನ್ನುವುದು ನನ್ನ ಪಟ್ಟಿಯಲ್ಲಿ ಒಂಬತ್ತನೆಯದೋ ಹತ್ತನೆಯದೋ ಆಗಿತ್ತು. ಒಡವೆ ಹಾಕಿಕೊಂಡು ಮ್ಯಾಟ್ ಹತ್ತುವಂತಿಲ್ಲ. ತಾಳಿ, ಮೂಗುಬೊಟ್ಟು ಸರಿ, ಹದಿನಾರು ವರ್ಷದಿಂದ ಬೆರಳು ಬಿಟ್ಟು ಕದಲದ ಕಾಲುಂಗುರವನ್ನು ಏನು ಮಾಡುವುದು? ಶುಕ್ರವಾರ ಸಂಜೆ ಸೋಪು ಹಚ್ಚಿ ಇಳಾ ಎಳೆದಳು. ನಾನು ಕಿರುಚಿದ ರೀತಿಗೆ ಪಕ್ಕದ ಮನೆಯವರು ಗೋಡೆ ತಟ್ಟಿದರು. ನಾಳೆ ಕಾದಾಡಲು ಹೊರಟವಳು ಕಾಲುಂಗುರಕ್ಕೆ ಸೋಲುವ ಚಂದವನ್ನು ಇಳಾ ವಿಡಿಯೊ ಮಾಡಿ ಅವರಪ್ಪನಿಗೆ ಕಳಿಸಿದಳು. ಈ ಗಲಾಟೆಯ ನಡುವೆ ಅಪ್ಪ, "ನಿನ್ನ ಬ್ಯಾಗ್ ನಾನೇ ರೆಡಿ ಮಾಡಿದೀನಿ, ನೀನು ಏನೂ ಯೋಚ್ನೆ ಮಾಡ್ಬೇಡ" ಎಂದರು. ಎಂಥ ಸಮಾಧಾನವಾಯಿತು ಗೊತ್ತೇ!

ಶನಿವಾರ ಬೆಳಿಗ್ಗೆ ನಿರೀಕ್ಷೆಯಂತೆ ಹೊಟ್ಟೆನೋವು ಬಂತು. ಗಂಡನಿಗೆ ಆ ದಿನ ಆಸ್ಪತ್ರೆಯ ಡ್ಯೂಟಿ, ಕಾರನ್ನೂ ಅವರೇ ಒಯ್ದಿದ್ದರು, ಮನೆಯಲ್ಲಿದ್ದವರು ನಾವು ಮೂವರೇ. ಅಪ್ಪ ಆಗಲೇ ಸ್ನಾನ ಮುಗಿಸಿ, ತಮ್ಮ ಗರಿಗರಿ ಅಂಗಿ ತೊಟ್ಟು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದ ತುದಿಯಲ್ಲಿ ಕುಳಿತಿದ್ದರು. ನಾನು ಹೋಗಿ ಅವರೆದುರು ನಿಂತೆ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದೆ. ನಲವತ್ತಮೂರು ವರ್ಷದ ಹೆಂಗಸು, ಒಬ್ಬಳ ತಾಯಿ, ಅಪ್ಪ ಸೈಕಲ್ ತಿರುಗಿಸಲಿ ಎಂದು ಕಾಯುತ್ತಿದ್ದೆ. ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಗಡಿಯಾರ ನೋಡಿ, "ಬಸ್ಸಿಗೆ ಹೊತ್ತಾಯ್ತಲ್ವಾ?" ಎಂದರು.

ಬಸ್ಸಿನಲ್ಲಿ ಈಲಿಂಗ್ ಬ್ರಾಡ್‌ವೇ, ಅಲ್ಲಿಂದ ಎಲಿಜಬೆತ್ ಲೈನ್ ರೈಲು, ನಡುವೆ ಒಮ್ಮೆ ಬದಲಿಸಿ ಇಲ್ಫರ್ಡ್. ಇಡೀ ದಾರಿ ಅಪ್ಪನ ತೊಡೆಯ ಮೇಲಿನ ಬ್ಯಾಗಿನಿಂದ ಆಗಾಗ ಚರಚರ ಸದ್ದು ಬರುತ್ತಿತ್ತು. ತಿಂಡಿಗೆ ಚಕ್ಕುಲಿ ಇಟ್ಟುಕೊಂಡಿರಬೇಕು ಎಂದುಕೊಂಡೆ.

ಕ್ರೀಡಾಂಗಣದಲ್ಲಿ ಎಲ್ಲಕ್ಕಿಂತ ಉದ್ದದ ಸಾಲು ತೂಕದ್ದಲ್ಲ, ಹೆಂಗಸರ ಟಾಯ್ಲೆಟ್ಟಿನದು. ಬ್ಲ್ಯಾಕ್ ಬೆಲ್ಟಿನ ಗಟ್ಟಿಗಿತ್ತಿಯರು, ಕಿವಿಗೆ ಹಾಡು ತುರುಕಿಕೊಂಡ ಹುಡುಗಿಯರು, ಗೋಡೆ ನೋಡಿಕೊಂಡು ಏನೋ ಮಣಮಣ ಹೇಳಿಕೊಳ್ಳುವವರು, ಎಲ್ಲರೂ ಅಲ್ಲಿದ್ದರು. ಒಬ್ಬಳು ಹೊರಗೆ ಬಂದು ಕೈ ತೊಳೆದು ಮತ್ತೆ ಸಾಲಿನ ಕೊನೆಗೇ ಹೋಗಿ ನಿಂತಳು. ನಾನೂ ಎರಡನೆಯ ಸುತ್ತಿನಲ್ಲಿದ್ದೆ. ನನ್ನ ಮುಂದೆ ಐವತ್ತರ ಆಸುಪಾಸಿನ, ಕೆಂಪು ಕೆನ್ನೆಯ ದೊಡ್ಡ ಹೆಂಗಸೊಬ್ಬಳು ತಿರುಗಿ, "ಯು ಆಲ್‌ರೈಟ್, ಲವ್?" ಎಂದಳು. ಹೆಸರು ಮೌರೀನ್, ಅಲ್ಲೇ ಹತ್ತಿರದ ಪ್ರೈಮರಿ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಾಳಂತೆ. ಸ್ಪರ್ಧೆಯ ಹಿಂದಿನ ದಿನದಿಂದ ಅವಳಿಗೆ ಊಟ ಸೇರುವುದಿಲ್ಲವಂತೆ, ಮುನ್ನೂರು ಮಕ್ಕಳಿಗೆ ಬಡಿಸಿ ತಾನು ಉಪವಾಸ. ನನಗೆ ಅವಳ ಮೇಲೆ ಅಲ್ಲೇ ಪ್ರೀತಿ ಹುಟ್ಟಿತು.

"ನಮ್ಮ ವಯಸ್ಸು, ನಮ್ಮ ತೂಕಕ್ಕೆ ಜೊತೆ ಸಿಗುವುದೇ ಕಷ್ಟ" ಎಂದಳು ಮೌರೀನ್. "ಹೋದ ಸಲ ನನಗೆ ಇದ್ದವಳು ಒಬ್ಬಳೇ. ಅವಳೂ ಬರಲಿಲ್ಲ. ಗ್ರೀನ್‌ಫರ್ಡ್ ಕಡೆಯವಳು. ಮನೆಗೆ ಯಾರೋ ಊಟಕ್ಕೆ ಬಂದರಂತೆ. ಎರಡು ಗಂಟೆ ಕಾದೆ. ಕೊನೆಗೆ ಕೈಗೆ ಚಿನ್ನದ ಪದಕ ಕೊಟ್ಟು ಕಳಿಸಿದರು. ಯಾರ ಜೊತೆಯೂ ಆಡದೆ ಬಂದ ಪದಕ! ಗೋಡೆಗೆ ಹಾಕಲು ನಾಚಿಕೆಯಾಗಿ ಅಡುಗೆಮನೆಯ ಡ್ರಾಯರಿನಲ್ಲಿ ಇಟ್ಟಿದ್ದೇನೆ."

ಧಾರವಾಡದವರಿಗೆ ನಾನು ಅಂದು ಬಡಿಸಿದ ಬಿಸಿಬೇಳೆಭಾತ್ ನೆನಪಾಯಿತು. ಅದೇ ಹೊತ್ತಿಗೆ ಇಲ್ಲಿ ಇವಳು ಕಾಯುತ್ತಿದ್ದಳು. ಹೊಟ್ಟೆನೋವು ನನ್ನೊಬ್ಬಳ ಸ್ವಂತ ವ್ಯವಹಾರ ಎಂದೇ ನಾನು ತಿಳಿದಿದ್ದೆ. "ಹೌದಾ, ಪಾಪ" ಎಂದೆ. ಅದಕ್ಕಿಂತ ಹೆಚ್ಚು ಹೇಳುವ ಧೈರ್ಯ ಬರಲಿಲ್ಲ. ಗೋಡೆಯ ಮೇಲಿನ ಪಟ್ಟಿ ನೋಡಿದರೆ ಈ ಸಲವೂ ನಮ್ಮ ವಿಭಾಗದಲ್ಲಿ ಇಬ್ಬರೇ: ಬಿಳಿ ಅಂಗಿಯಲ್ಲಿ ನಾನು, ನೀಲಿ ಅಂಗಿಯಲ್ಲಿ ಮೌರೀನ್.

ತೂಕವಾಯಿತು. ಅಂಕಿಯನ್ನು ಗಟ್ಟಿಯಾಗಿಯೇ ಓದಿದರು. ತಾಳಿ, ಮೂಗುಬೊಟ್ಟನ್ನು ಅಪ್ಪನ ಕೈಗೆ ಕೊಟ್ಟೆ. ಅವರು ಅದನ್ನು ಅಂಗಿಯ ಜೇಬಿನಲ್ಲಿಟ್ಟು ಮೇಲೆ ಅಂಗೈ ಮುಚ್ಚಿಕೊಂಡರು. ಆಮೇಲೆ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಬ್ಯಾಗು ತೆರೆದೆ.

ಒಳಗೆ ಟವೆಲ್ಲಿನಲ್ಲಿ ಸುತ್ತಿದ್ದ ನನ್ನ ಗೀ ಇತ್ತು. ಇಸ್ತ್ರಿ ಮಾಡಿತ್ತು. ಎತ್ತಿದರೆ ಚೌಕಟ್ಟು ಹಾಕಿಸಿದಂತೆ ಚೌಕವಾಗಿಯೇ ಮೇಲೆ ಬಂತು. ತೋಳಿನೊಳಗೆ ಕೈ ತೂರಿಸಲು ಅಂಟಿಕೊಂಡ ಎರಡು ಪದರವನ್ನು ಬಿಡಿಸಬೇಕಾಯಿತು, ಆಗ ಬಂದ ಸದ್ದಿಗೆ ಇಡೀ ಕೋಣೆ ತಿರುಗಿ ನೋಡಿತು. ಹಾಕಿಕೊಂಡು ನಿಂತೆ. ತೋಳುಗಳು ಕೆಳಗಿಳಿಯಲಿಲ್ಲ. ಮೈಯಿಂದ ಬಿಸಿ ಅನ್ನದ ಪರಿಮಳ ಬರುತ್ತಿತ್ತು.

ಮ್ಯಾಟಿನ ಪಕ್ಕದಲ್ಲಿ ಉಡುಪು ಪರೀಕ್ಷೆ ಮಾಡುವ ಹೆಂಗಸು ನನ್ನ ಕಾಲರನ್ನು ಹಿಡಿಯಲು ನೋಡಿದಳು, ಆಗಲಿಲ್ಲ. ಎದುರಾಳಿಗೆ ಹಿಡಿತ ಸಿಗುವಷ್ಟು ಬಟ್ಟೆ ಮೆತ್ತಗಿರಬೇಕು, ಅದು ಜೂಡೋದ ನಿಯಮ. ಬೆರಳಿನಿಂದ ತಟ್ಟಿದಳು, ಬಾಗಿಲು ತಟ್ಟಿದಂತಾಯಿತು. ಕಾಲರಿನ ಒಳಗಿನಿಂದ ಏನನ್ನೋ ಉಗುರಲ್ಲಿ ಕಿತ್ತು ಬೆಳಕಿಗೆ ಹಿಡಿದಳು. ಒಂದು ಅನ್ನದ ಅಗುಳು.

"ಇದೇನು?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಪ್ಪ ಕೋರ್ಟಿನ ಇಂಗ್ಲಿಷಿನಲ್ಲಿ ಮುಂದೆ ಬಂದರು. "ರೈಸ್ ವಾಟರ್, ಮೇಡಂ. ಸೋನಾ ಮಸೂರಿ. ವೆರಿ ಪ್ಯೂರ್."

"ತಾತಾ, ಪ್ಲೀಸ್ ಸ್ಟಾಪ್" ಎಂದು ಇಳಾ ಮುಖ ಮುಚ್ಚಿಕೊಂಡಳು.

ಈ ಬಟ್ಟೆಯಲ್ಲಿ ಆಡುವಂತಿಲ್ಲ, ಹತ್ತು ನಿಮಿಷದಲ್ಲಿ ಬೇರೆ ತೊಟ್ಟು ಬನ್ನಿ, ಇಲ್ಲವಾದರೆ ಹೆಸರು ಹೊಡೆದುಹಾಕಬೇಕಾಗುತ್ತದೆ ಎಂದಳು ಆಕೆ. ನನ್ನ ಬಳಿ ಬೇರೆ ಗೀ ಇರಲಿಲ್ಲ. ಮಿಕ್ ಬಳಿ ಇದ್ದದ್ದು ಮಕ್ಕಳ ಅಳತೆಯದು. ನಿಮ್ಮಲ್ಲಿ ಮುಚ್ಚಿಡುವುದೇನು, ಆ ಕ್ಷಣಕ್ಕೆ ನನ್ನ ಹೊಟ್ಟೆನೋವು ಪೂರ್ತಿ ನಿಂತುಹೋಯಿತು. ಎಂಥ ಮರ್ಯಾದೆಯ ಕಾರಣ! ನಾನು ಬಂದಿದ್ದೇನೆ, ತೂಗಿಸಿಕೊಂಡಿದ್ದೇನೆ, ನಿಯಮವೇ ಬೇಡ ಎಂದರೆ ನಾನೇನು ಮಾಡಲಿ? ಮುಖವನ್ನು ಸಾಧ್ಯವಾದಷ್ಟು ಸಪ್ಪೆ ಮಾಡಿಕೊಂಡು ಇಳಾಳ ಕಡೆ ತಿರುಗಿದೆ. ಅವಳು ನನ್ನನ್ನೇ ನೋಡುತ್ತಿದ್ದಳು, ಕಾರಿನ ಕನ್ನಡಿಯಲ್ಲಿ ನಾನು ಅವಳನ್ನು ನೋಡಿದ ಹಾಗೆಯೇ. ಅಪ್ಪ ಮಾತ್ರ ಜೇಬಿನ ಮೇಲೆ ಕೈ ಇಟ್ಟುಕೊಂಡು ನೆಲ ನೋಡುತ್ತಿದ್ದರು. ಅವರ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಎಂದೂ ನೋಡಿರಲಿಲ್ಲ.

ಅಷ್ಟರಲ್ಲಿ ನೀಲಿ ಗೀ ತೊಟ್ಟ ಮೌರೀನ್ ಬಂದಳು. ಕೈಯಲ್ಲಿ ಮಡಿಸಿದ ಬಿಳಿ ಗೀ ಇತ್ತು.

"ನನಗೆ ಇವತ್ತು ನೀಲಿ, ಹಾಗಾಗಿ ನನ್ನ ಬಿಳಿಯದು ಖಾಲಿ ಇದೆ. ಹಾಕ್ಕೋ ಲವ್. ನಿನಗೆ ಸ್ವಲ್ಪ ದೊಡ್ಡದಾಗಬಹುದು" ಎಂದಳು. ಹೊಟ್ಟೆನೋವು ಥಟ್ಟನೆ ವಾಪಸ್ಸು ಬಂತು.

ಯೋಚಿಸಿ ನೋಡಿ. ನನ್ನನ್ನು ಎತ್ತಿ ಒಗೆಯಬೇಕಾದವಳೇ, ಒಗೆಸಿಕೊಳ್ಳಲು ಬೇಕಾದ ಬಟ್ಟೆಯನ್ನು ತನ್ನ ಕೈಯಾರೆ ತಂದುಕೊಡುತ್ತಿದ್ದಾಳೆ. ನಾನು ಹೋದರೆ ಅವಳಿಗೆ ಮತ್ತೊಂದು ಡ್ರಾಯರಿನ ಪದಕ. ಇಳಾ ಇನ್ನೂ ನೋಡುತ್ತಲೇ ಇದ್ದಳು. ಗೀಯನ್ನು ಕೈಗೆ ತೆಗೆದುಕೊಂಡೆ.

ಮೈಕಿನಲ್ಲಿ ನನ್ನ ಹೆಸರು ಕರೆದರು. ಹೆಸರು ಕರೆದ ಮೇಲೂ ನಾನು ನಡೆದುಹೋಗಿ ನಿಂತದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ತಲೆ ಬಾಗಿ ನಮಸ್ಕರಿಸಿದೆ. ಮೌರೀನಳ ಕೆಂಪು ಕೆನ್ನೆಯೂ ಬಿಳಿಚಿತ್ತು. ಮಿಕ್ ಹೊರಗಿನಿಂದ "ಹಿಡಿ, ಹಿಡಿ" ಎಂದು ಕೂಗುತ್ತಿದ್ದರು. ನಾನು ಹಿಡಿದೆ. ಒಂದು ಸಲ ಅವಳ ಕಾಲಿಗೆ ನನ್ನ ಕಾಲು ಕೊಟ್ಟು ಅಲುಗಾಡಿಸಿಯೂ ಬಿಟ್ಟೆ, ಅವಳು "ಊಪ್ಸ್" ಎಂದಳು. ಆ "ಊಪ್ಸ್" ಅನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಮರುಕ್ಷಣದಲ್ಲಿ ನಾನು ಮೇಲಿದ್ದೆ, ಆಮೇಲೆ ಕೆಳಗಿದ್ದೆ, ನನ್ನ ಮೇಲೆ ಮೌರೀನ್ ಇದ್ದಳು. ಹಾಗೆ ಅಲುಗದಂತೆ ಇಪ್ಪತ್ತು ಸೆಕೆಂಡು ಒತ್ತಿಹಿಡಿದರೆ ಅವಳು ಗೆದ್ದಂತೆ. ನಾನು ತೊಟ್ಟಿದ್ದು ಅವಳ ಬಟ್ಟೆ, ಮೇಲೆ ಬಿದ್ದಿದ್ದು ಅವಳು, ಎರಡರಿಂದಲೂ ಒಂದೇ ಲ್ಯಾವೆಂಡರ್ ಸೋಪಿನ ವಾಸನೆ. ಒಳಗೂ ಮೌರೀನ್, ಹೊರಗೂ ಮೌರೀನ್. ಒದ್ದಾಡಿದೆ. ಸಂದಿಯಲ್ಲಿ ಅಪ್ಪ ಕಂಡರು. ಎಲ್ಲರೂ ಕೂಗುತ್ತಿದ್ದಾಗ ಅವರೊಬ್ಬರೇ ಎದ್ದು ನಿಂತು, ಎದೆಯ ಜೇಬಿನ ಮೇಲೆ ಕೈಯಿಟ್ಟು, ರಾಷ್ಟ್ರಗೀತೆಗೆ ನಿಂತವರ ಹಾಗೆ ನಿಂತಿದ್ದರು. ಎಲ್ಲ ಸೇರಿ ಒಂದು ನಿಮಿಷ ಹನ್ನೊಂದು ಸೆಕೆಂಡು. ಸೋತೆ. ಮ್ಯಾಟಿನಿಂದ ಇಳಿಯುವಾಗ ಹೊಟ್ಟೆನೋವು ಇರಲಿಲ್ಲ. ಇದು ಮನೆಯ ಬಾಗಿಲು ದಾಟದೆಯೂ ಹೋಗುತ್ತದೆ ಎಂದು ಆಗ ಗೊತ್ತಾಯಿತು.

ಇದ್ದವರು ಇಬ್ಬರೇ ಆದ್ದರಿಂದ ನನಗೆ ಬೆಳ್ಳಿಯ ಪದಕ. ಅಪ್ಪ ಸ್ಟೇಷನ್ನಿನಿಂದಲೇ ಮೈಸೂರಿಗೆ ಫೋನ್ ಮಾಡಿ, "ಲಂಡನ್ನಿನಲ್ಲಿ ಸೆಕೆಂಡ್ ಪ್ರೈಜ್ ಕಣಯ್ಯಾ" ಎಂದು ಚಿಕ್ಕಪ್ಪನಿಗೆ ಹೇಳಿದರು. ಎಷ್ಟು ಜನ ಇದ್ದರೆಂದು ಚಿಕ್ಕಪ್ಪ ಕೇಳಿರಬೇಕು. "ಸಿಗ್ನಲ್ ಸರಿಯಿಲ್ಲ" ಎಂದು ಇಟ್ಟುಬಿಟ್ಟರು.

ರೈಲಿನಲ್ಲಿ ಕೂತ ಮೇಲೆ ಜೇಬಿನಿಂದ ತಾಳಿ, ಮೂಗುಬೊಟ್ಟು ತೆಗೆದುಕೊಟ್ಟರು.

"ಆ ಗಂಜಿ ಸ್ವಲ್ಪ ಜಾಸ್ತಿ ಆಯ್ತು" ಎಂದರು. "ಎರಡು ಸಲ ಅದ್ದಿದೆ. ಬಟ್ಟೆ ಗಟ್ಟಿಯಾಗಿದ್ರೆ, ಬಿದ್ದಾಗ ನಿಂಗೆ ಪೆಟ್ಟಾಗಲ್ವೇನೋ ಅಂತ."

ಬೀಳುವ ಮಗಳಿಗೆ ಅವರು ತಮಗೆ ಗೊತ್ತಿದ್ದ ಒಂದೇ ಕವಚವನ್ನು ಮಾಡಿ ತೊಡಿಸಿದ್ದರು. ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಆಮೇಲೆ ಮಾತು ಬದಲಿಸೋಣವೆಂದು, "ಬೆಳಿಗ್ಗೆ ನಂಗೆ ಹೊಟ್ಟೆನೋವಿತ್ತು ಅಪ್ಪಾ" ಎಂದೆ.

"ಗೊತ್ತು."

"ಕೇಳ್ಲೇ ಇಲ್ವಲ್ಲ ನೀವು?"

"ಕೇಳಿದ್ರೆ ನೀನು ಮನೇಲೇ ಉಳೀತಿದ್ದೆ. ಆ ಗೋಣಿಚೀಲದ ದಿನವೂ ಗೊತ್ತಿತ್ತು ಕಣಮ್ಮ. ದಿನಾ ಕೋರ್ಟಲ್ಲಿ ಕೂತು ಸುಳ್ಳು ಸಾಕ್ಷಿ ಬರ್ಕೊಳ್ತಿದ್ದೋನಿಗೆ ನಿನ್ನ ಮುಖ ಓದಕ್ಕೆ ಬರಲ್ವಾ?" ಅಪ್ಪ ಖಾಲಿಯಾದ ಜೇಬನ್ನು ಸವರಿ ಸರಿಮಾಡಿಕೊಂಡರು. "ನಿನ್ನ ಮುಖ ನೋಡಕ್ಕಾಗ್ಲಿಲ್ಲ, ಸೈಕಲ್ ತಿರುಗಿಸಿಬಿಟ್ಟೆ. ತಿರುಗಿಸಬಾರದಿತ್ತು."

ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಎದುರು ಸೀಟಿನಲ್ಲಿ ಕುಳಿತಿದ್ದ ಇಳಾ ಅದರಲ್ಲಿ ಹಾಡು ಕೇಳುತ್ತಿರಲಿಲ್ಲ ಎಂದು ಆಗ ತಿಳಿಯಿತು. "ಸೋ ಇಟ್ ವಾಸ್ ಫೇಕ್?" ಎಂದಳು.

"ಫೇಕ್ ಅಲ್ಲಮ್ಮ" ಎಂದರು ಅಪ್ಪ. "ನೋವು ನಿಜವಾದ್ದೇ. ಮನೇಗೆ ಬಂದಿದ್ದು ತಪ್ಪು."

ಅವಳು ಮತ್ತೆ ಹೆಡ್‌ಫೋನ್ ಸರಿಮಾಡಿಕೊಂಡಳು.

ಮೌರೀನಳ ಗೀಯನ್ನು ಒಗೆದು ಕೊಡುವ ಹೊಣೆ ನನ್ನದಾಗಿತ್ತು. ಅಪ್ಪ ಎರಡು ಸಲ ಅದರ ಸುತ್ತ ಸುಳಿದಾಡಿದರು. ನಾನು ಬಕೆಟ್ಟಿನ ಮುಂದೆಯೇ ಕಾವಲು ನಿಂತೆ. ಮೆತ್ತಗೆ ಒಣಗಿಸಿ, ಒಂದು ಡಬ್ಬಿ ಬಿಸಿಬೇಳೆಭಾತಿನ ಜೊತೆ ಇಲ್ಫರ್ಡಿಗೆ ಹೋಗಿ ಕೊಟ್ಟು, ಆ ಗ್ರೀನ್‌ಫರ್ಡಿನವಳು ನಾನೇ ಎಂದು ಒಪ್ಪಿಕೊಂಡೆ. ಮೌರೀನ್ ನನ್ನನ್ನು ಒಂದು ಗಳಿಗೆ ನೋಡಿ, "ನನಗೆ ಟಾಯ್ಲೆಟ್ ಸಾಲಿನಲ್ಲೇ ಅನುಮಾನ ಬಂದಿತ್ತು, ಲವ್" ಎಂದಳು. ನನ್ನ ಮುಖ ಓದಲು ಬಾರದವರು ಈ ಊರಿನಲ್ಲೂ ಯಾರೂ ಇಲ್ಲವೇನೋ.

ಅಪ್ಪ ಹೊರಡುವುದಕ್ಕೆ ಎರಡು ವಾರ ಮೊದಲು ಇಳಾಳ ಶಾಲೆಯಲ್ಲಿ ಮತ್ತೊಂದು ಕಾರ್ಯಕ್ರಮವಿತ್ತು. ಬಿಳಿ ಅಂಗಿ, ಕಪ್ಪು ಪ್ಯಾಂಟು ತೊಟ್ಟು ಬರಬೇಕೆಂದಿದ್ದರು. ಆ ದಿನ ಸಂಜೆ ಅವಳು ಕ್ಲಾರಿನೆಟ್ ಪೆಟ್ಟಿಗೆ ಹಿಡಿದು ಬಾಗಿಲ ಬಳಿ ನಿಂತಿದ್ದಳು, ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ನಾನು ಬಾಯಿ ತೆರೆದೆ. ಅಪ್ಪ ನನ್ನ ಕಡೆ ಒಂದು ಸಲ ನೋಡಿದರು, ನಾನು ಬಾಯಿ ಮುಚ್ಚಿ ಕಾರಿನ ಕೀ ತೆಗೆದುಕೊಂಡೆ. ಪೆಟ್ರೋಲ್ ಬಂಕ್ ಬಂತು, ಹೋಯಿತು. ಹಿಂದಿನ ಸೀಟಿನಿಂದ ಮಾತಿಲ್ಲ, ಅವಳು ಮಗ್ಗುಲು ಬದಲಿಸಿದಾಗಲೆಲ್ಲ ಹಪ್ಪಳ ಮುರಿದ ಸದ್ದು ಮಾತ್ರ ಬರುತ್ತಿತ್ತು. ಅಪ್ಪ ಬೆಳಿಗ್ಗೆಯೇ ಅನ್ನ ಬಸಿದಿದ್ದರು.

ಸಭಾಂಗಣದಲ್ಲಿ ನಾವು ಮೂರನೆಯ ಸಾಲಿನಲ್ಲಿ ಕುಳಿತೆವು. ಅವಳ ಹೆಸರು ಕರೆದರು. ಗರಿಗರಿ ಅಂಗಿಯ ಸದ್ದು ಮಾಡಿಕೊಂಡು ಇಳಾ ಮೆಟ್ಟಿಲು ಹತ್ತಿ ವೇದಿಕೆಯ ನಡುವೆ ಹೋಗಿ ನಿಂತಳು, ಕ್ಲಾರಿನೆಟ್ಟನ್ನು ತುಟಿಗಿಟ್ಟಳು. ನನಗೆ ಹೊಟ್ಟೆನೋವು ಶುರುವಾಯಿತು. ಪಕ್ಕಕ್ಕೆ ತಿರುಗಿ ನೋಡಿದರೆ, ಅಪ್ಪನೂ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದರು.